ಉಗುರು ಫಂಗಸ್‌ಗೆ ಹಚ್ಚುವ ಪಾಲಿಶ್ ಔಷಧ: ಕಾರವಾರದ ಮಳೆಯಲ್ಲಿ ಬಳಸಿ ನೋಡಿದ ಮೇಲೆ

ಐದಕ್ಕೆ ಮೂರೂವರೆ ಸ್ಟಾರ್. ಪೂರ್ತಿ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರುವುದಿಲ್ಲ, ಅದಕ್ಕೇ ಮೊದಲೇ ಹೇಳಿಬಿಟ್ಟೆ. ಇದು ಅಮೊರೊಲ್ಫಿನ್ ಅನ್ನುವ ಮದ್ದು ಶೇ. 5ರಷ್ಟಿರುವ, ನೇಲ್ ಪಾಲಿಶ್ ಥರ ಉಗುರಿಗೆ ಹಚ್ಚುವ ಔಷಧ. ನಾಲ್ಕಾರು ಕಂಪನಿಗಳು ನಾಲ್ಕಾರು ಹೆಸರಲ್ಲಿ ಮಾರುತ್ತವೆ. ಒಳಗಿರುವುದು ಒಂದೇ, ಹಾಗಾಗಿ ಕಂಪನಿ ಹೆಸರು ಬೇಡ. ಫಂಗಸ್ ಉಗುರಿನ ತುದಿಯಲ್ಲಷ್ಟೇ ಇದ್ದರೆ, ಅದೂ ಒಂದೆರಡು ಉಗುರಿಗೆ ಮಾತ್ರ ಇದ್ದರೆ, ಮತ್ತೆ ನಿಮಗೆ ವರ್ಷ ಕಾಯುವ ತಾಳ್ಮೆ ಇದ್ದರೆ ಧಾರಾಳವಾಗಿ ತಗೊಳ್ಳಿ. ಉಗುರು ಬುಡದವರೆಗೂ ಹಳದಿಯಾಗಿ ದಪ್ಪಗಾಗಿದ್ದರೆ ಈ ಬಾಟಲಿ ಬೇಡ. ಆ ದುಡ್ಡಿನಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋಗಿ.

ಕಾರವಾರದಲ್ಲಿ ನನ್ನದೊಂದು ಸಣ್ಣ ಟೇಲರಿಂಗ್ ಅಂಗಡಿ. ಮೋಟಾರ್ ಹಾಕಿಸಿದ ಮಷಿನ್ ಇದ್ದರೂ ಬ್ಲೌಸಿಗೆ ತೋಳು ಕೂರಿಸುವಾಗ ನನಗೆ ಕಾಲಲ್ಲಿ ತುಳಿಯುವ ಹಳೇ ಮಷಿನ್ನೇ ಆಗಬೇಕು. ತುಳಿಯುವುದು ಬರಿಗಾಲಲ್ಲಿ. ಅಂದರೆ ಇಡೀ ದಿನ ನನ್ನ ಕಾಲು ಬಂದವರ ಕಣ್ಣೆದುರೇ ಇರುತ್ತದೆ. ಬಲಗಾಲ ಹೆಬ್ಬೆರಳಿನ ಉಗುರು ಮೊದಲು ಹೊರಗಿನ ಮೂಲೆಯಲ್ಲಿ ಸ್ವಲ್ಪ ಹಳದಿಯಾಯಿತು. ಆಮೇಲೆ ಅಡಿಯಲ್ಲಿ ಬಿಳಿ ಪುಡಿ ತುಂಬಿಕೊಂಡಿತು, ಉಗುರು ಚರ್ಮ ಬಿಟ್ಟು ಮೇಲೆದ್ದಿತು. ನೋವಿರಲಿಲ್ಲ. ಆದರೆ ಸೀರೆಗೆ ಫಾಲ್ ಹಚ್ಚಲು ನೆಲದ ಮೇಲೆ ಹರವಿಕೊಂಡು ಕೂತರೆ ಆ ಎದ್ದ ಮೂಲೆಗೆ ರೇಷ್ಮೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ಬೇರೆಯವರ ಸೀರೆ, ಒಂದು ಎಳೆ ಎದ್ದರೂ ನನ್ನ ತಲೆಗೇ ಬರುವುದು.

"ಕಾಲಿಗೆ ಏನಾಯ್ತು ಬಾಯಿ?" ಎಂದು ಕೇಳುವ ಗಿರಾಕಿಗಳು ಪರವಾಗಿಲ್ಲ, ಉತ್ತರ ಹೇಳಬಹುದು. ಏನೂ ಕೇಳದೆ ತಮ್ಮ ಬಟ್ಟೆಯ ಚೀಲವನ್ನು ಮೆಲ್ಲಗೆ ನೆಲದಿಂದ ಎತ್ತಿ ಟೇಬಲ್ ಮೇಲೆ ಇಡುವವರಿದ್ದಾರಲ್ಲ, ಅವರದ್ದು ಜಾಸ್ತಿ ಚುಚ್ಚುತ್ತದೆ.

ಈಗ ಡಬ್ಬಿಯ ವಿಷಯ. ಒಳಗೆ 2.5 ಎಂಎಲ್‌ನ ಪುಟಾಣಿ ಬಾಟಲಿ. ಜೊತೆಗೆ ಉಗುರು ಉಜ್ಜುವ ಫೈಲ್, ಸ್ಪಿರಿಟ್‌ನಲ್ಲಿ ನೆನೆಸಿದ ಒರೆಸುವ ಹಾಳೆ, ಹಚ್ಚಲು ಚಪ್ಪಟೆ ಪ್ಲಾಸ್ಟಿಕ್ ಕಡ್ಡಿ. ನನಗೆ 500 ರೂಪಾಯಿ ಚಿಲ್ಲರೆ ಬಿತ್ತು. ವಾರಕ್ಕೆ ಒಂದು ಸಲ ಹಚ್ಚಬೇಕು, ಕೆಲವರಿಗೆ ಎರಡು ಸಲ ಹೇಳುತ್ತಾರೆ. ಒಂದೇ ಉಗುರಾದರೆ ಬಾಟಲಿ ತುಂಬಾ ದಿನ ಬರುತ್ತದೆ, ಆ ಲೆಕ್ಕದಲ್ಲಿ ದುಬಾರಿಯಲ್ಲ.

ಹಚ್ಚುವುದಕ್ಕಿಂತ ಮೊದಲಿನ ಕೆಲಸವೇ ದೊಡ್ಡದು. ಹಾಳಾದ ಭಾಗವನ್ನು ಫೈಲಿನಿಂದ ಎಷ್ಟು ತೆಳ್ಳಗಾಗುತ್ತದೋ ಅಷ್ಟು ಉಜ್ಜಬೇಕು. ದಪ್ಪ ಉಗುರಿನ ಮೇಲೆ ಎಷ್ಟು ಬಳಿದರೂ ಮದ್ದು ಅಡಿಗೆ ಇಳಿಯುವುದಿಲ್ಲ. ಕೆಳಗೆ ಹಳೇ ಪೇಪರ್ ಹಾಸಿಕೊಂಡು ಉಜ್ಜಿ, ಪುಡಿ ಚೆಲ್ಲದ ಹಾಗೆ ಮಡಚಿ ಬಚ್ಚಲ ಒಲೆಗೆ ಹಾಕುತ್ತಿದ್ದೆ, ಯಾಕೆಂದರೆ ಆ ಪುಡಿಯಲ್ಲೂ ಫಂಗಸ್ ಜೀವಂತ ಇರುತ್ತದೆ. ಅದೇ ಫೈಲನ್ನು ಚೆನ್ನಾಗಿರುವ ಉಗುರಿಗೆ ಮುಟ್ಟಿಸಲೇಬಾರದು. ಮನೆಯವರು ಯಾರೂ ಅದನ್ನು ಎತ್ತಿಕೊಳ್ಳಬಾರದು. ಉಜ್ಜಿದ ಮೇಲೆ ಸ್ಪಿರಿಟ್ ಹಾಳೆಯಲ್ಲಿ ಒರೆಸಿ, ಕಡ್ಡಿ ಅದ್ದಿ, ಇಡೀ ಉಗುರಿಗೆ ಹಚ್ಚಿ, ಮೂರ್ನಾಲ್ಕು ನಿಮಿಷ ಕಾಲು ಆಡಿಸದೆ ಕೂರಬೇಕು. ಕಡ್ಡಿಯನ್ನು ಬಾಟಲಿಯ ಬಾಯಿಗೆ ಒರೆಸಬೇಡಿ. ಒರೆಸಿದರೆ ಮುಚ್ಚಳ ಅಂಟಿಕೊಂಡು ಮುಂದಿನ ವಾರ ಹಲ್ಲಲ್ಲಿ ಕಚ್ಚಿ ತೆಗೆಯುವ ಗತಿ.

ಒಣಗಿದ ಮೇಲೆ ನೀರಿಗೆ ಹೋಗುವುದಿಲ್ಲ ಎಂದು ಜೊತೆಗಿದ್ದ ಚೀಟಿಯಲ್ಲಿ ಬರೆದಿದ್ದಾರೆ. ಅದು ನಿಜ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹೇಗೆ ಹೊಯ್ಯುತ್ತದೆ ಅಂತ ನಿಮಗೆ ಗೊತ್ತಲ್ಲ, ಅಷ್ಟು ಮಳೆಯಲ್ಲೂ ಹಚ್ಚಿದ ಪದರ ಮುಂದಿನ ವಾರದವರೆಗೆ ಹಾಗೇ ಇರುತ್ತಿತ್ತು. ಆ ಅರ್ಧ ಸ್ಟಾರ್ ಇದಕ್ಕೇ ಕೊಟ್ಟದ್ದು. ಆದರೆ ಪದರ ಉಳಿದು ಏನು ಪ್ರಯೋಜನ, ಕಾಲೇ ಒಣಗದಿದ್ದರೆ? ಚೀಟಿ ಬರೆದವರು ಬೂಟು, ಸಾಕ್ಸ್ ಹಾಕುವ ಊರಿನವರು. ದಿನಾ ಸಾಕ್ಸ್ ಬದಲಿಸಿ, ಗಾಳಿಯಾಡುವ ಬೂಟು ಹಾಕಿ ಎಂದು ಹೇಳುತ್ತಾರೆ. ಬೆಳಿಗ್ಗೆ ಅಂಗಳದ ಪಾಚಿ ತಿಕ್ಕಿ, ಬಚ್ಚಲಲ್ಲಿ ಪಾತ್ರೆ ತೊಳೆದು, ಪ್ಲಾಸ್ಟಿಕ್ ಚಪ್ಪಲಿ ಹಾಕಿಕೊಂಡು ಮೊಣಕಾಲವರೆಗೆ ನೆನೆದು ಅಂಗಡಿಗೆ ಬರುವವಳಿಗೆ ಏನು ಮಾಡಬೇಕು ಅಂತ ಎಲ್ಲೂ ಇಲ್ಲ. ಅದೂ ಚೀಟಿ ಪೂರ್ತಿ ಇಂಗ್ಲಿಷ್‌ನಲ್ಲಿ, ಸೂಜಿಗೆ ದಾರ ಪೋಣಿಸುವ ನನ್ನ ಕಣ್ಣಿಗೂ ಕಾಣದಷ್ಟು ಸಣ್ಣ ಅಕ್ಷರ. ಒಂದು ಸ್ಟಾರ್ ಇಲ್ಲಿ ಕಟ್.

ಹಾಗಾಗಿ ಮಳೆಗಾಲದ ಉಪಾಯ ನಾನೇ ಮಾಡಿಕೊಂಡೆ. ಅಂಗಡಿಯಲ್ಲಿ ಕಾಲಿಗೆಂದೇ ಒಂದು ಬೇರೆ ಟವೆಲ್. ಬಂದ ತಕ್ಷಣ ಬೆರಳ ಸಂದಿ ಸಂದಿ ಒರೆಸುವುದು. ಚಪ್ಪಲಿ ಎರಡು ಜೊತೆ, ಒಂದು ಒಣಗುವಾಗ ಇನ್ನೊಂದು. ಕಾಲುಂಗುರದ ಅಡಿ ನೀರು ನಿಂತು ಚರ್ಮ ಬೆಳ್ಳಗಾಗುತ್ತದೆ, ರಾತ್ರಿ ಅದನ್ನು ಸ್ವಲ್ಪ ಜರುಗಿಸಿ ಒರೆಸುವುದು. ಅದನ್ನು ತೆಗೆದೇ ಇಡಿ ಎಂದು ಡಾಕ್ಟರು ಹೇಳಿದರು. ತೆಗೆದು ತವರಿಗೆ ಹೋದರೆ ಆಯಿ ನನ್ನನ್ನು ಜಗಲಿ ಹತ್ತಿಸುವುದಿಲ್ಲ, ಹಾಗಾಗಿ ಜರುಗಿಸುವುದರಲ್ಲೇ ರಾಜಿಯಾದೆವು.

ಈ ಬೆರಳ ಸಂದಿಯ ವಿಷಯ ಸ್ವಲ್ಪ ಗಮನ ಇಟ್ಟು ಓದಿ. ಕಾಲುಗುರಿನ ಫಂಗಸ್ ಬಹಳ ಸಲ ಉಗುರಿನಲ್ಲಿ ಹುಟ್ಟುವುದೇ ಅಲ್ಲ. ಮೊದಲು ಸಂದಿಯಲ್ಲಿ ಬರುತ್ತದೆ. ಕಿರುಬೆರಳ ಹತ್ತಿರ ಚರ್ಮ ಬೆಳ್ಳಗೆ ಕೊಳೆತ ಹಾಗಾಗಿ, ತುರಿಸಿ, ಸುಲಿದು, ವಾಸನೆ ಬರುತ್ತದಲ್ಲ, ಮಳೆಗಾಲದಲ್ಲಿ ಅದು ಯಾರಿಗಿಲ್ಲ? ನಾವು ಅದನ್ನು ಕಾಯಿಲೆ ಅಂತಲೇ ಎಣಿಸುವುದಿಲ್ಲ. ಅಲ್ಲಿಂದ ಅದೇ ಫಂಗಸ್ ಉಗುರಿಗೆ ಹತ್ತುತ್ತದೆ. ಜಾಸ್ತಿ ಕಾಣುವುದು ಟ್ರೈಕೊಫೈಟಾನ್ ರೂಬ್ರಮ್ ಅನ್ನುವ ಜಾತಿ. ಉಗುರಿಗೆ ಪಾಲಿಶ್ ಹಚ್ಚಿ ಸಂದಿಗೆ ಏನೂ ಹಚ್ಚದಿದ್ದರೆ ಉಗುರಿಗೆ ಮತ್ತೆ ಮತ್ತೆ ಅಲ್ಲಿಂದಲೇ ಬರುತ್ತದೆ. ನನಗೆ ಡಾಕ್ಟರು ಸಂದಿಗೆ ಬೇರೆ ಕ್ರೀಮ್ ಕೊಟ್ಟಿದ್ದರು. ಬಾಟಲಿ ಮಾರಿದ ಮೆಡಿಕಲ್ ಶಾಪಿನವರು ಸಂದಿ ನೋಡಿರಲಿಲ್ಲ, ಉಗುರೂ ನೋಡಿರಲಿಲ್ಲ. "ಫಂಗಸ್ಸಾ? ಇದು ತಗೊಳ್ಳಿ" ಅಂದರು, ಬಿಲ್ ಹಾಕಿದರು, ಮುಗಿಯಿತು. ಜೊತೆಗೆ ತುರಿಕೆಗೆ ಅಂತ ಇನ್ನೊಂದು ಟ್ಯೂಬ್ ಮುಂದಿಟ್ಟರು. ನಾನು ಅದನ್ನು ತಗೊಳ್ಳಲಿಲ್ಲ. ನಮ್ಮಲ್ಲಿ ಕೌಂಟರಿನಲ್ಲೇ ಸಿಗುವ ಇಂಥ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆತಿರುತ್ತದೆ. ಹಚ್ಚಿದ ಕೂಡಲೇ ತುರಿಕೆ ನಿಲ್ಲುತ್ತದೆ, ವಾಸಿಯಾಯಿತು ಅನ್ನಿಸುತ್ತದೆ, ಅಷ್ಟರಲ್ಲಿ ಫಂಗಸ್ ಒಳಗೊಳಗೇ ಹಬ್ಬುತ್ತದೆ. ಈಗ ಊರೂರಲ್ಲಿ ಗಜಕರ್ಣ ಹಟ ಹಿಡಿದು ಕೂತಿರುವುದಕ್ಕೆ ಇದೂ ಒಂದು ಕಾರಣ ಅಂತ ಚರ್ಮದ ಡಾಕ್ಟರುಗಳೇ ಹೇಳುತ್ತಾರೆ.

ಬಾಟಲಿ ಒಡೆಯುವ ಮೊದಲು ಮಾಡಿಸಬೇಕಾದ ಒಂದು ಕೆಲಸವಿದೆ, ಉಗುರಿನ ಟೆಸ್ಟ್. ನೋಡಲು ಕೆಟ್ಟಿರುವ ಉಗುರೆಲ್ಲ ಫಂಗಸ್ ಅಲ್ಲ. ಸರಿಸುಮಾರು ಅರ್ಧದಷ್ಟು ಮಾತ್ರ ಫಂಗಸ್. ಉಳಿದದ್ದು ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆ ಇರಬಹುದು, ಹಳೇ ಪೆಟ್ಟಿರಬಹುದು, ಬಿಗಿ ಚಪ್ಪಲಿ ಒತ್ತಿ ಒತ್ತಿ ದಪ್ಪಗಾಗಿರಬಹುದು. ಅವಕ್ಕೆಲ್ಲ ಈ ಪಾಲಿಶ್ ಬಳಿದರೆ ನೀರಿನಲ್ಲಿ ಹೋಮ. ಟೆಸ್ಟ್ ಸುಲಭ. ಉಗುರಿನ ತುಂಡು ಕತ್ತರಿಸಿ, ಅಡಿಯ ಪುಡಿ ಕೆರೆದು, ಪೊಟ್ಯಾಷಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಲ್ಯಾಬಿನವರು ಕೆಓಎಚ್ ಅನ್ನುತ್ತಾರೆ. ರಿಪೋರ್ಟ್ ಬೇಗ ಬರುತ್ತದೆ. ಯಾವ ಜಾತಿಯ ಫಂಗಸ್ ಅಂತ ಗೊತ್ತಾಗಬೇಕಾದರೆ ಕಲ್ಚರ್ ಮಾಡಿಸಬೇಕು, ಅಂದರೆ ಆ ಫಂಗಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು, ಅದಕ್ಕೆ ಮೂರು ನಾಲ್ಕು ವಾರ ಕಾಯಬೇಕು. ಕೆಲವು ಸಲ ಫಂಗಸ್ ಇದ್ದರೂ ರಿಪೋರ್ಟಿನಲ್ಲಿ ಇಲ್ಲ ಅಂತ ಬರುತ್ತದೆ, ಆಗ ಮತ್ತೊಮ್ಮೆ ಕೆರೆಯಬೇಕು. ಪಾಲಿಶ್ ಹಚ್ಚಲು ಶುರು ಮಾಡಿದ ಮೇಲೆ ಟೆಸ್ಟಿಗೆ ಹೋದರೆ ಸರಿಯಾಗಿ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲು ಟೆಸ್ಟ್ ಎಂದದ್ದು. ಇನ್ನೊಂದು ಮಾತು. ಪೆಟ್ಟು ಬಿದ್ದ ನೆನಪೇ ಇಲ್ಲದೆ ಉಗುರಿನಲ್ಲಿ ಕಪ್ಪು ಗೆರೆ ಬಂದು ಅಗಲವಾಗುತ್ತಾ ಹೋದರೆ ಮೆಡಿಕಲ್ ಶಾಪಿಗಲ್ಲ, ಸೀದಾ ಡಾಕ್ಟರ ಹತ್ತಿರ ಹೋಗಿ. ಅಪರೂಪಕ್ಕೆ ಅದು ಕ್ಯಾನ್ಸರ್ ಇರುತ್ತದೆ.

ಕೆಲಸ ಮಾಡಿತಾ ಅಂತ ಕೇಳುತ್ತೀರಿ. ಮಾಡಿತು, ಆದರೆ ಬಸವನ ಹುಳು ಓಟ. ಹಾಳಾದ ಉಗುರು ಯಾವ ಔಷಧಕ್ಕೂ ಮತ್ತೆ ಚೆನ್ನಾಗುವುದಿಲ್ಲ. ಬುಡದಿಂದ ಹೊಸ ಉಗುರು ಬೆಳೆದು ಹಳೆಯದನ್ನು ಮುಂದೆ ತಳ್ಳಬೇಕು, ನಾವು ಅದನ್ನು ಕತ್ತರಿಸುತ್ತಾ ಹೋಗಬೇಕು. ಕೈ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆದರೆ ಕಾಲಿನದ್ದು ಅದರ ಅರ್ಧವೂ ಬೆಳೆಯುವುದು ಕಷ್ಟ. ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು. ಪಾಲಿಶ್ ಕೂಡ ಕೈಗೆ 6 ತಿಂಗಳು, ಕಾಲಿಗೆ 9ರಿಂದ 12 ತಿಂಗಳು ಹಚ್ಚಬೇಕೆನ್ನುವುದು ಇದಕ್ಕೇ. ನನ್ನ ಹತ್ತಿರ ಅಳತೆ ಟೇಪಿಗೇನು ಬರ? ತಿಂಗಳ ಮೊದಲ ವಾರ ಸೆಂಟಿಮೀಟರ್ ಬದಿಯಿಂದ ಬುಡದ ಗುಲಾಬಿ ಭಾಗ ಎಷ್ಟಾಯಿತು ಅಂತ ಅಳೆದು ಗಿರಾಕಿಗಳ ಅಳತೆ ಪುಸ್ತಕದ ಕೊನೇ ಪುಟದಲ್ಲಿ ಬರೆದಿಡುತ್ತಿದ್ದೆ. ಎದೆ, ಸೊಂಟ, ತೋಳುದ್ದದ ಹಿಂದೆ ನನ್ನ ಉಗುರು. ಮೊದಮೊದಲು ಗೆರೆ ಇದ್ದಲ್ಲೇ ಇತ್ತು. ಕಣ್ಣಿಗೆ ಕಾಣುವಷ್ಟು ಗುಲಾಬಿ ಬಂದದ್ದು ದೀಪಾವಳಿ ಹೊತ್ತಿಗೆ. ಮುಂದಿನ ಮಳೆಗಾಲಕ್ಕೆ ಮೂಲೆಯಲ್ಲಿ ಒಂದು ಸಣ್ಣ ಚೂರು ಬಿಟ್ಟರೆ ಉಗುರು ಸರಿಯಾಗಿತ್ತು. ಈಗ ರೇಷ್ಮೆ ಎಳೆ ಸಿಕ್ಕುವುದಿಲ್ಲ. ನನಗೆ ಬೇಕಾದದ್ದು ಅಷ್ಟೇ.

ಎಲ್ಲರಿಗೂ ಹೀಗಾಗುತ್ತದೆ ಅಂತ ಮಾತ್ರ ನಂಬಬೇಡಿ. ನನ್ನದು ತುದಿಯಲ್ಲಿ, ಅರ್ಧಕ್ಕಿಂತ ಕಡಿಮೆ ಇತ್ತು. ಇದೇ ಥರದ ಇನ್ನೊಂದು ಪಾಲಿಶ್ ಸಿಕ್ಲೊಪಿರಾಕ್ಸ್ ಶೇ. 8. ಅದನ್ನು ದಿನಾ ಹಚ್ಚಬೇಕು. ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಗಲು ಮಾಡಿದ ಪರೀಕ್ಷೆಗಳಲ್ಲಿ 48 ವಾರ ಹಚ್ಚಿದ ಮೇಲೂ ಪೂರ್ತಿ ವಾಸಿಯಾದವರು ಒಂದರಲ್ಲಿ ಶೇ. 5.5, ಇನ್ನೊಂದರಲ್ಲಿ ಶೇ. 8.5 ಜನ. 2014ರಲ್ಲಿ ಅಲ್ಲಿ ಅನುಮತಿ ಸಿಕ್ಕ ಎಫಿನಕೊನಝೋಲ್ ಅನ್ನುವುದು ಸ್ವಲ್ಪ ಮೇಲು, ಅದರಲ್ಲೂ ಪೂರ್ತಿ ವಾಸಿಯಾದವರು ಶೇ. 15ರಿಂದ 18ರ ಒಳಗೆ. ಅಂದರೆ ಹಚ್ಚುವ ಔಷಧದ ಯೋಗ್ಯತೆಯೇ ಇಷ್ಟು. ಜಾಹೀರಾತಿನಲ್ಲಿ ತೋರಿಸುವ ಹೊಳೆಯುವ ಉಗುರು ನೋಡಿ ಮರುಳಾಗಬೇಡಿ. ಲೇಸರ್ ಅಂತ ದೊಡ್ಡ ಬೋರ್ಡು ಹಾಕಿ ಕರೆಯುವವರೂ ಇದ್ದಾರೆ. ಅಮೆರಿಕದಲ್ಲೇ ಅದಕ್ಕೆ ಒಪ್ಪಿಗೆ ಕೊಟ್ಟಿರುವುದು ಉಗುರು ತಾತ್ಕಾಲಿಕವಾಗಿ ತಿಳಿಯಾಗುತ್ತದೆ ಅನ್ನುವಷ್ಟಕ್ಕೆ ಮಾತ್ರ. ಆ ರೇಟಿಗೆ ನಾನಂತೂ ಇನ್ನೊಂದು ಮಷಿನ್ ತಗೊಳ್ಳುತ್ತೇನೆ.

ಈ ಬಾಟಲಿ ಯಾರಿಗೆ ಆಗುವುದಿಲ್ಲ ಅಂತ ಗೊತ್ತಾದದ್ದು ಅಪ್ಪಯ್ಯನ ಕಾಲು ನೋಡಿ. ನನ್ನ ತವರು ಶಿರಸಿ ಕಡೆ, ಅಡಿಕೆ ತೋಟ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ ಬಂದು ಬಹಳ ವರ್ಷವಾಯಿತು. ಎರಡೂ ಕಾಲಿನ ಉಗುರು ಬುಡದವರೆಗೆ ದಪ್ಪ, ಕಂದು, ಒಂದಂತೂ ಬಾಗಿ ಪಕ್ಕದ ಬೆರಳಿಗೆ ಒತ್ತುತ್ತಿತ್ತು. ನೇಲ್ ಕಟರಿನ ಬಾಯಿಗೇ ಅದು ಹಿಡಿಯುತ್ತಿರಲಿಲ್ಲ. ಕೇಳಿದರೆ "ಎಂತೂ ಆಜಿಲ್ಲೆ, ಸುಮ್ನಿರು ತಂಗಿ" ಎನ್ನುವುದು. ಅಡಿಕೆಯ ಕೊಳೆರೋಗಕ್ಕೆ ಮಳೆ ಹಿಡಿಯುವ ಮೊದಲೇ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಸಬೇಕು, ಕಾಯಿ ಉದುರಲು ಶುರುವಾದ ಮೇಲೆ ಹೊಡೆದರೆ ಏನೂ ಬರುವುದಿಲ್ಲ ಅಂತ ಊರಿಗೆಲ್ಲ ಹೇಳುವ ಮನುಷ್ಯ. ಅವರ ಮಾತನ್ನೇ ಅವರ ಕಾಲಿಗೆ ತಿರುಗಿಸಿದೆ. ನಗಾಡಿದರು, ಆದರೆ ಕಾರು ಹತ್ತಿದರು.

ಸಕ್ಕರೆ ಕಾಯಿಲೆಯವರಿಗೆ ಇದು ಬರೀ ಚೆಂದದ ಪ್ರಶ್ನೆಯಲ್ಲ. ಕಾಲಿನ ಸ್ಪರ್ಶ ಮಂದವಾಗಿರುತ್ತದೆ. ದಪ್ಪ ಉಗುರು ಒತ್ತಿ ಗಾಯವಾದರೂ ಗೊತ್ತಾಗುವುದಿಲ್ಲ. ಸಂದಿಯ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋದರೆ ಕಾಲು ಕೆಂಪಗೆ ಬಾತು ಚಳಿ ಜ್ವರ ಬರುತ್ತದೆ, ಹುಣ್ಣಾದರೆ ಒಣಗುವುದಿಲ್ಲ, ಕೆಲವರಿಗೆ ಬೆರಳನ್ನೇ ತೆಗೆಯುವ ಪರಿಸ್ಥಿತಿ ಬರುತ್ತದೆ. ಅಂಥವರು ಮನೆಯಲ್ಲಿ ಫೈಲ್ ಹಿಡಿದು ಉಜ್ಜಿಕೊಳ್ಳುವುದೂ ಅಪಾಯ. ಅಪ್ಪಯ್ಯನ ಉಗುರನ್ನು ಡಾಕ್ಟರೇ ಮೆತ್ತಗೆ ಮಾಡಿ ಸವರಿ ತೆಗೆದರು.

ಅವರಿಗೆ ಕೊಟ್ಟದ್ದು ಟರ್ಬಿನಾಫಿನ್ 250 ಎಂಜಿ ಮಾತ್ರೆ, ದಿನಕ್ಕೊಂದು. ಕೈ ಉಗುರಿಗಾದರೆ 6 ವಾರ, ಕಾಲಿಗೆ 12 ವಾರ. ಶುರು ಮಾಡುವ ಮೊದಲು ಲಿವರ್‌ನ ರಕ್ತ ಪರೀಕ್ಷೆ ಮಾಡಿಸಿದರು, ಯಾಕೆಂದರೆ ಅಪರೂಪಕ್ಕೆ ಲಿವರ್‌ಗೆ ಏಟು ಬೀಳುತ್ತದೆ. ಈ ಮಾತ್ರೆಯ ಲೆಕ್ಕ ಪಾಲಿಶ್‌ಗಿಂತ ಎಷ್ಟೋ ಮೇಲು. ಅಮೆರಿಕದ ಪರೀಕ್ಷೆಗಳಲ್ಲಿ ಕಾಲುಗುರಿಗೆ ತಗೊಂಡವರಲ್ಲಿ ಶೇ. 70 ಜನರಿಗೆ ಫಂಗಸ್ ಹೋಯಿತು, ಉಗುರೂ ಪೂರ್ತಿ ಚೆನ್ನಾದದ್ದು ಶೇ. 38 ಜನರಿಗೆ. ಇನ್ನೊಂದು ಮಾತ್ರೆ ಇಟ್ರಾಕೊನಝೋಲ್, ತಿಂಗಳಿಗೆ ಒಂದು ವಾರ ಮಾತ್ರ ತಗೊಳ್ಳುವ ಕ್ರಮವೂ ಇದೆ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದು ಆಗುವುದಿಲ್ಲ, ಕೆಲವು ಕೊಲೆಸ್ಟ್ರಾಲ್ ಮಾತ್ರೆಗಳ ಜೊತೆಗೂ ಆಗುವುದಿಲ್ಲ. ನೀವು ತಗೊಳ್ಳುವ ಮಾತ್ರೆಯ ಚೀಟಿಗಳನ್ನೆಲ್ಲ ಒಂದು ಕವರಿನಲ್ಲಿ ಹಾಕಿಕೊಂಡೇ ಹೋಗಿ.

ನಡುವೆ ಅಪ್ಪಯ್ಯನಿಗೆ ಬಾಯಿ ರುಚಿಯೇ ಹೋಯಿತು. ಈ ಮಾತ್ರೆಗೆ ಹಾಗಾಗುವುದುಂಟು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಆಯಿ ಮಾಡಿದ ತಂಬುಳಿಗೆ ಉಪ್ಪೇ ಇಲ್ಲ ಅಂತ ದಿನಾ ಜಗಳ. ಡಾಕ್ಟರಿಗೆ ಫೋನ್ ಮಾಡಿ, ರಕ್ತ ಮತ್ತೊಮ್ಮೆ ನೋಡಿಸಿ ಮುಂದುವರಿಸಿದೆವು. ಮಾತ್ರೆ ನಿಲ್ಲಿಸಿ ಕೆಲವು ವಾರಕ್ಕೆ ರುಚಿ ತಿರುಗಿ ಬಂತು, ಜಗಳ ಬೇರೆ ವಿಷಯಕ್ಕೆ ಹೋಯಿತು. ಮಾತ್ರೆ ಮುಗಿದ ದಿನ ಉಗುರು ಇನ್ನೂ ಕೆಟ್ಟದಾಗಿಯೇ ಇತ್ತು. ಗಾಬರಿಯಾಗಬೇಡಿ, ಮದ್ದು ಉಗುರಿನಲ್ಲಿ ತಿಂಗಳುಗಟ್ಟಲೆ ಉಳಿದು ಕೆಲಸ ಮಾಡುತ್ತದೆ. ಗೊತ್ತಿಲ್ಲದವರು ಇಲ್ಲೇ "ಮಾತ್ರೆ ವೇಸ್ಟ್" ಅಂತ ಒಂದು ಸ್ಟಾರ್ ಕೊಟ್ಟು ಹೋಗುವುದು.

ಆದರೆ ನನಗೆ ಅಪ್ಪಯ್ಯನ ಕಾಲಿನ ವಿಷಯದಲ್ಲಿ ಬೇಜಾರಾದದ್ದು ರೋಗಕ್ಕಲ್ಲ. ಹಬ್ಬಕ್ಕೆ ಸೊಸೆಯಂದಿರು, ಮೊಮ್ಮಕ್ಕಳು ನಮಸ್ಕಾರ ಮಾಡಲು ಬಂದರೆ ಅವರು ಮೊದಲೇ ಕುರ್ಚಿಯಲ್ಲಿ ಕೂತು ಪಂಚೆಯ ಅಂಚು ಜಗ್ಗಿ ಬೆರಳು ಮುಚ್ಚಿಕೊಳ್ಳುತ್ತಿದ್ದರು. "ಅಲ್ಲಿಂದಲೇ ಮಾಡಿ, ಆಯಿತು ಆಯಿತು" ಅನ್ನುವುದು. ನಾವು ಸಂಕೋಚದ ಸ್ವಭಾವ ಅಂದುಕೊಂಡಿದ್ದೆವು. ನಮ್ಮ ಕಡೆ ಕಾಲು ಮುಚ್ಚಿಡುವುದಕ್ಕೆ ಆಗುವುದೇ ಇಲ್ಲ ನೋಡಿ. ಮನೆಯೊಳಗೆ ಬರಿಗಾಲು, ದೇವಸ್ಥಾನದಲ್ಲಿ ಬರಿಗಾಲು, ಊಟದ ಪಂಕ್ತಿಯಲ್ಲಿ ಬರಿಗಾಲು. ಹೋದ ವರ್ಷ ನಂಟರ ಮದುವೆಯಲ್ಲಿ ಮದುಮಗನ ಕಾಲು ತೊಳೆಯುವಾಗ ಹರಿವಾಣದಲ್ಲಿ ಅವನ ಹೆಬ್ಬೆರಳು ಎಲ್ಲರಿಗೂ ಕಂಡಿತು. ಬೆಂಗಳೂರಿನಲ್ಲಿ ದಿನವಿಡೀ ಬೂಟು ಹಾಕಿ ಕೂರುವ ಹುಡುಗ. ಬೆವರು, ಕತ್ತಲು, ಬಿಸಿ, ಫಂಗಸ್‌ಗೆ ಇನ್ನೇನು ಬೇಕು? ಊಟಕ್ಕೆ ಕೂರುವ ಹೊತ್ತಿಗೆ ಹೆಂಗಸರ ಸಾಲಿನಲ್ಲಿ ಅದು ಸಕ್ಕರೆ ಕಾಯಿಲೆಯಾಗಿ, ಪಾಯಸ ಬರುವಷ್ಟರಲ್ಲಿ ನಾಗದೋಷವಾಗಿತ್ತು. ಹೀಗೆ ಆಡಿಕೊಳ್ಳುವುದರಿಂದಲೇ ಜನ ತೋರಿಸಿಕೊಳ್ಳುವುದಿಲ್ಲ, ಮುಚ್ಚಿಟ್ಟು ಮುಚ್ಚಿಟ್ಟು ಬುಡದವರೆಗೆ ಬಿಡುತ್ತಾರೆ. ನಾಗನಿಗೆ ಹರಕೆ ಇದ್ದರೆ ತೀರಿಸಿ, ಯಾರು ಬೇಡ ಅಂದರು. ಉಗುರಿಗೆ ಟೆಸ್ಟ್ ಮಾಡಿಸಿ.

ಹುಡುಗಿಯರದ್ದು ಇನ್ನೊಂದು ದಾರಿ, ದಟ್ಟ ಬಣ್ಣದ ನೇಲ್ ಪಾಲಿಶ್. ಕಾಣುವುದಿಲ್ಲ ಸರಿ, ಆದರೆ ಹೇಗಿದೆ ಅಂತ ನೋಡಲೂ ಆಗುವುದಿಲ್ಲ, ಅದರ ಮೇಲೆ ಮದ್ದು ಹಚ್ಚಿದರೆ ಒಳಗೆ ಇಳಿಯುವುದೂ ಇಲ್ಲ. ನಾನು ಒಂದು ಪಾರ್ಲರಿನಲ್ಲಿ ನೋಡಿದ್ದೇನೆ, ಒಬ್ಬರ ಕಾಲಿಗೆ ಹಾಕಿದ ಕಟರನ್ನು ಟಿಶ್ಯೂನಲ್ಲಿ ಒರೆಸಿ ಇನ್ನೊಬ್ಬರಿಗೆ ಹಾಕಿದರು. ಪೆಡಿಕ್ಯೂರ್ ಬೇಕೇ ಬೇಕೆಂದರೆ ನಿಮ್ಮ ಕಟರ್, ಫೈಲ್ ನೀವೇ ತಗೊಂಡು ಹೋಗಿ.

ಮನೆ ಮುಂದೆ ಮೀನು ತರುವ ಹೆಂಗಸು ಒಬ್ಬಳು ನನ್ನ ಬಾಟಲಿ ನೋಡಿ, "ಬಾಯಿ, ನನ್ನ ಬೆರಳಿಗೂ ಇದೇ ಹಚ್ಚಬಹುದಾ?" ಎಂದು ಕೈ ಚಾಚಿದಳು. ಅವಳದ್ದು ಬೇರೆಯೇ ಕಥೆ. ಬೆಳಗಾದರೆ ಐಸಿನಲ್ಲಿ ಕೈ, ಮಧ್ಯಾಹ್ನ ಶೆಟ್ಲಿ (ಸಿಗಡಿ) ಸುಲಿಯುವುದು, ಸಂಜೆ ಮನೆಯ ಪಾತ್ರೆ. ಉಗುರಿನ ಸುತ್ತ ಚರ್ಮ ಕೆಂಪಗೆ ಉಬ್ಬಿತ್ತು, ಉಗುರು ಮತ್ತು ಚರ್ಮದ ನಡುವೆ ಇರಬೇಕಾದ ತೆಳು ಅಂಚೇ ಇರಲಿಲ್ಲ, ಉಗುರಿನ ಮೇಲೆ ಅಡ್ಡಡ್ಡ ಗೆರೆ. ಸದಾ ನೀರಿನಲ್ಲಿರುವ ಕೈಗೆ ಹೀಗೆ ಉಗುರು ಸುತ್ತು ಹಳತಾಗಿ ಕೂರುತ್ತದೆ, ಅಲ್ಲಿ ಸೇರಿಕೊಳ್ಳುವುದು ಹೆಚ್ಚಾಗಿ ಕ್ಯಾಂಡಿಡಾ ಅನ್ನುವ ಯೀಸ್ಟ್. ಅದಕ್ಕೆ ಮೊದಲ ಮದ್ದು ಕೈ ಒಣಗಿಸುವುದು, ರಬ್ಬರ್ ಗ್ಲೌಸ್ ಒಳಗೆ ಹತ್ತಿಯ ಗ್ಲೌಸ್ ಹಾಕುವುದು. ಹೇಳುವುದು ಸುಲಭ, ಗ್ಲೌಸ್ ಹಾಕಿದರೆ ಶೆಟ್ಲಿ ಸುಲಿಯುವ ಕೈ ಅರ್ಧಕ್ಕೆ ಇಳಿಯುತ್ತದೆ, ಕೂಲಿಯೂ ಇಳಿಯುತ್ತದೆ. ಅವಳಿಗೆ ನಾನು ಹತ್ತಿ ಬಟ್ಟೆಯಲ್ಲಿ ಬೆರಳಿಗಷ್ಟೇ ಹಾಕುವ ಟೊಪ್ಪಿ ಹೊಲಿದು ಕೊಟ್ಟೆ, ಜಿಲ್ಲಾಸ್ಪತ್ರೆಯ ಚರ್ಮದ ವಿಭಾಗಕ್ಕೆ ಹೋಗು ಎಂದೆ. ಮೀನು ಹಿಡಿಯದ ಎರಡು ತಿಂಗಳು, ಜೂನ್ ಜುಲೈನಲ್ಲಿ, ಅವಳ ಕೈ ತಾನಾಗಿಯೇ ಸ್ವಲ್ಪ ಇಳಿಯಿತು. ಆಗಸ್ಟ್‌ಗೆ ಮತ್ತೆ ಶುರು.

ಮನೆಮದ್ದಿನವರು ಈ ವಿಮರ್ಶೆ ಓದಿ ಬೈಯುತ್ತಾರೆ, ಗೊತ್ತು. ಮದರಂಗಿ ಹಚ್ಚುವುದು ನಮ್ಮ ಕಡೆ ಮೊದಲಿನಿಂದ ಇದೆ, ಗದ್ದೆ ಕೆಲಸಕ್ಕೆ ಹೋಗುವವರು ಬೆರಳ ಸಂದಿಗೆ ಹಚ್ಚಿಕೊಂಡೇ ಕೆಸರಿಗೆ ಇಳಿಯುತ್ತಿದ್ದರು. ಸಂದಿಗೆ ಹಚ್ಚಿ, ತೊಂದರೆಯಿಲ್ಲ, ಆದರೆ ಉಗುರಿನ ಅಡಿಗೆ ಅದು ಹೋಗುವುದಿಲ್ಲ. ವಿಕ್ಸ್ ಹಚ್ಚಿ ಅನ್ನುವವರಿಗೆ: 2011ರಲ್ಲಿ ಅಮೆರಿಕದಲ್ಲಿ 18 ಜನರ ಮೇಲೆ ನೋಡಿದ್ದಾರೆ, 48 ವಾರಕ್ಕೆ 5 ಜನರಿಗೆ ಪೂರ್ತಿ ಹೋಯಿತು. ಹೋಲಿಸಿ ನೋಡಲು ಹಚ್ಚದವರ ಗುಂಪು ಇರಲಿಲ್ಲ. ಅಷ್ಟರ ಮೇಲೆ ನಂಬಿಕೆ ಇಡುವುದು ನಿಮಗೆ ಬಿಟ್ಟದ್ದು. ತೋಟದವರೊಬ್ಬರು ಬೋರ್ಡೋಗೆ ಹಾಕುವ ಮೈಲುತುತ್ತವನ್ನೇ ನೀರಿಗೆ ಹಾಕಿ ಕಾಲು ಅದ್ದಿ ಅಂದರು. ದಯವಿಟ್ಟು ಬೇಡ. ಚರ್ಮ ಸುಡುತ್ತದೆ, ಸಕ್ಕರೆ ಕಾಯಿಲೆಯವರು ಆ ಕಡೆ ತಲೆಯೂ ಹಾಕಬೇಡಿ.

ವಾಸಿಯಾದ ಮೇಲೆ ಮತ್ತೆ ಬರುವುದು ಇದರಲ್ಲಿ ಮಾಮೂಲು. ಹಳೇ ಚಪ್ಪಲಿ, ಬೂಟು, ಸಾಕ್ಸಿನಲ್ಲಿ ಫಂಗಸ್ ಕಾದು ಕೂತಿರುತ್ತದೆ. ನಾನು ಹಳೇ ಪ್ಲಾಸ್ಟಿಕ್ ಚಪ್ಪಲಿ ಎಸೆದೆ, ಅಪ್ಪಯ್ಯ ತೋಟದ ಬೂಟು ಎಸೆಯಲು ಬಿಡಲಿಲ್ಲ, ಬಿಸಿಲಿಗೆ ಇಟ್ಟು ಒಳಗೆ ಆಂಟಿಫಂಗಲ್ ಪೌಡರ್ ಹಾಕುವುದರಲ್ಲಿ ಮುಗಿಯಿತು. ಮನೆಯಲ್ಲಿ ಎಲ್ಲರ ನೇಲ್ ಕಟರ್ ಈಗ ಬೇರೆ ಬೇರೆ, ನನ್ನದಕ್ಕೆ ಕೆಂಪು ದಾರ ಕಟ್ಟಿದ್ದೇನೆ. ಯಾರಿಗಾದರೂ ತೊಡೆಸಂದಿಯಲ್ಲಿ ಗಜಕರ್ಣ ಇದ್ದರೆ ಅವರ ಕಾಲುಗುರನ್ನೂ ನೋಡಿ, ಅದೇ ಫಂಗಸ್ ಕೈಯಿಂದ, ಟವೆಲಿನಿಂದ ಮೇಲೆ ಹೋಗಿರುತ್ತದೆ.

ತಗೊಳ್ಳುವವರಿಗೆ ಒಂದು ಮಾತು. ಅಂಗಡಿಯಲ್ಲೇ ಡಬ್ಬಿ ತೆರೆಸಿ ನೋಡಿ. ಎರಡನೇ ಸಲ ತಂದ ಡಬ್ಬಿಯಲ್ಲಿ ಬಾಟಲಿ ಬಿಟ್ಟರೆ ಏನೂ ಇರಲಿಲ್ಲ, ಫೈಲೂ ಇಲ್ಲ, ಸ್ಪಿರಿಟ್ ಹಾಳೆಯೂ ಇಲ್ಲ, ಬೆಲೆ ಮಾತ್ರ ಅಷ್ಟೇ. ಕೇಳಿದರೆ "ಈ ಕಂಪನಿಯದ್ದು ಹೀಗೇ ಬರುವುದು" ಅಂದರು. ಕಾಗದದ ಫೈಲ್ ಹತ್ತಿಪ್ಪತ್ತು ರೂಪಾಯಿಗೆ ಫ್ಯಾನ್ಸಿ ಸ್ಟೋರಿನಲ್ಲಿ ಸಿಗುತ್ತದೆ, ಅದನ್ನೇ ತಂದು ಒಂದೆರಡು ಸಲ ಬಳಸಿ ಎಸೆಯಿರಿ. ಮಾತ್ರೆ ಬರೆದುಕೊಟ್ಟಿದ್ದರೆ ಜನೌಷಧಿ ಅಂಗಡಿಯಲ್ಲಿ ಒಮ್ಮೆ ಕೇಳಿ ನೋಡಿ.